ರೂಢಿಯಿಂದ ಎಷ್ಟು ದೂರ?

ಬ್ಯಾಂಕಿನ ಖಾತೆಯಿಂದ ಹಣ ಹೊರಡುವ ಮುನ್ನ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಲು ಸಾಧ್ಯವಿದೆ. ಹಣ ಕಳುಹಿಸುತ್ತಿರುವವರು ಖಾತೆಯ ಒಡೆಯರೇ ಹೌದೇ ಎಂಬುದು ಮೊದಲನೆಯದು. ಒಡೆಯರೇ ಆಗಿದ್ದರೂ ಇಷ್ಟು ಮೊತ್ತವನ್ನು, ಈ ಹೊತ್ತಿನಲ್ಲಿ, ಹಿಂದೆಂದೂ ವ್ಯವಹರಿಸದ ಈ ಖಾತೆಗೆ ಕಳುಹಿಸುವುದು ಅವರ ರೂಢಿಗೆ ಹೊಂದುತ್ತದೆಯೇ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಪಾಸ್‌ವರ್ಡ್, ಪಿನ್, ಒಟಿಪಿ, ಬೆರಳಚ್ಚುಗಳು ಉತ್ತರ ಕೊಡುತ್ತವೆ. ಈ ಕ್ರಿಯೆಗೆ ದೃಢೀಕರಣ ಎಂದು ಹೆಸರು, ಅದರ ಉತ್ತರ ಯಾವಾಗಲೂ ಹೌದು ಅಥವಾ ಅಲ್ಲ. ಎರಡನೆಯ ಪ್ರಶ್ನೆಗೆ ಅಂಥ ಕಡ್ಡಿಮುರಿದ ಉತ್ತರ ಸಿಗುವುದಿಲ್ಲ. ವಹಿವಾಟಿನ ಹತ್ತಾರು, ಕೆಲವೊಮ್ಮೆ ನೂರಾರು ಲಕ್ಷಣಗಳನ್ನು ಕ್ಷಣಾರ್ಧದಲ್ಲಿ ತೂಗಿ, ಅದು ವಂಚನೆಯಾಗಿರುವ ಸಂಭವ ಎಷ್ಟೆಂದು ಒಂದು ಸಂಖ್ಯೆಯಲ್ಲಿ ಹೇಳುವುದಷ್ಟೇ ಗಣಕದಿಂದ ಆಗುವ ಕೆಲಸ. ಆ ಸಂಖ್ಯೆಯನ್ನು ಬ್ಯಾಂಕಿನವರು ರಿಸ್ಕ್ ಸ್ಕೋರ್ ಎನ್ನುತ್ತಾರೆ. ಕನ್ನಡದಲ್ಲಿ ಅಪಾಯದ ಅಂಕ ಎನ್ನಬಹುದು.

ಭಾರತದ ಬ್ಯಾಂಕಿಂಗ್ ವ್ಯವಸ್ಥೆ ಬಹುಕಾಲ ಮೊದಲನೆಯ ಪ್ರಶ್ನೆಗೇ ಹೆಚ್ಚು ಶ್ರಮ ಹಾಕಿತು, ಆ ಶ್ರಮ ವ್ಯರ್ಥವೂ ಆಗಲಿಲ್ಲ. ಕಾರ್ಡನ್ನು ಯಂತ್ರಕ್ಕೆ ಉಜ್ಜದೆ ಆನ್‌ಲೈನ್‌ನಲ್ಲಿ ಮಾಡುವ ಪಾವತಿಗೆ, ಕಾರ್ಡಿನ ಮೇಲೆ ಅಚ್ಚಾಗಿರದ ಇನ್ನೊಂದು ಗುರುತೂ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲಿಯೇ ಕಡ್ಡಾಯಗೊಳಿಸಿತು. 2016ರಲ್ಲಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ಆರಂಭಿಸಿದ ಯುಪಿಐ, ಗ್ರಾಹಕರ ಮೊಬೈಲ್ ಸಂಖ್ಯೆ, ಆ ಸಂಖ್ಯೆಯಿರುವ ಫೋನು ಮತ್ತು ಅವರೊಬ್ಬರಿಗೇ ತಿಳಿದಿರುವ ಪಿನ್ ಈ ಮೂರನ್ನೂ ಒಂದಕ್ಕೊಂದು ಬಿಗಿದು ಕಟ್ಟಿತು. ಬೀಗ ಗಟ್ಟಿಯಾದ ಮೇಲೆ ಕಳ್ಳರು ಬೀಗ ಒಡೆಯುವ ಕೆಲಸ ಬಿಟ್ಟು, ಮನೆಯವರ ಕೈಯಿಂದಲೇ ಬಾಗಿಲು ತೆಗೆಸುವ ಉಪಾಯಗಳನ್ನು ಹುಡುಕಿಕೊಂಡರು. ಕೇಂದ್ರ ಗೃಹ ಸಚಿವಾಲಯ ಸಂಸತ್ತಿನ ಮುಂದಿಟ್ಟ ಲೆಕ್ಕದಂತೆ ಸೈಬರ್ ವಂಚನೆಯಿಂದ ದೇಶದ ಜನ 2022ರಲ್ಲಿ ಸುಮಾರು ₹2,306 ಕೋಟಿ, 2023ರಲ್ಲಿ ₹7,465 ಕೋಟಿ, 2024ರಲ್ಲಿ ₹22,845 ಕೋಟಿ ಕಳೆದುಕೊಂಡರು. ಎರಡೇ ವರ್ಷಗಳಲ್ಲಿ ನಷ್ಟ ಹೆಚ್ಚುಕಡಿಮೆ ಹತ್ತು ಪಟ್ಟಾಯಿತು. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪ್ರಕಾರ 2023ರಲ್ಲಿ ಸೈಬರ್ ಅಪರಾಧಗಳ ಸಂಖ್ಯೆಯಲ್ಲಿ ರಾಜ್ಯಗಳ ಪೈಕಿ ಕರ್ನಾಟಕವೇ ಮುಂದಿತ್ತು, ಅವುಗಳಲ್ಲಿ ಬಹುಪಾಲು ದಾಖಲಾದದ್ದು ಬೆಂಗಳೂರಿನಲ್ಲಿ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಆರಂಭವಾದ ನಗರವೂ ಇದೇ.

ಬೀಗ ಭದ್ರವಾಗಿದ್ದೂ ಬಾಗಿಲು ತೆರೆದುಕೊಳ್ಳುವ ಬಗೆಯನ್ನು ಅರಿಯಲು ಉತ್ತರ ಬೆಂಗಳೂರಿನ ಒಂದು ಪ್ರಕರಣ ಸಾಕು. 2024ರ ನವೆಂಬರ್ 25ರಿಂದ ಡಿಸೆಂಬರ್ 12ರ ನಡುವೆ ಹೆಬ್ಬಾಳ ಭಾಗದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸುಮಾರು ₹11.8 ಕೋಟಿ ಕಳೆದುಕೊಂಡರು. ದೂರು ದಾಖಲಾದದ್ದು ಈಶಾನ್ಯ ವಿಭಾಗದ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಯಲ್ಲಿ, ಅಂದರೆ ಪತ್ರಿಕೆಗಳು ಸೆನ್ ಠಾಣೆ ಎಂದು ಕರೆಯುವಲ್ಲಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಅಧಿಕಾರಿಯೆಂದು ಹೇಳಿಕೊಂಡವನ ಕರೆಯಿಂದ ಶುರುವಾದ ಕಥೆ, ಮುಂಬೈ ಪೊಲೀಸರ ವೇಷ ತೊಟ್ಟವರ ವಿಡಿಯೊ ಕರೆಗೆ ತಿರುಗಿತು. ಎಂಜಿನಿಯರರ ಆಧಾರ್ ಬಳಸಿ ತೆರೆದ ಖಾತೆಗಳಲ್ಲಿ ಅಕ್ರಮ ಹಣ ಹರಿದಿದೆಯೆಂದು ಬೆದರಿಸಿ, ಹಣದ ಪರಿಶೀಲನೆಯ ನೆಪದಲ್ಲಿ ಕಂತು ಕಂತಾಗಿ ಹಾಕಿಸಿಕೊಳ್ಳಲಾಯಿತು. ಡಿಜಿಟಲ್ ಅರೆಸ್ಟ್ ಎಂಬ ಹೆಸರಿನಲ್ಲಿ ಕುಖ್ಯಾತವಾಗಿರುವ, ಯಾವ ಕಾನೂನಿನಲ್ಲಿಯೂ ಇಲ್ಲದ ಈ ಬಂಧನದ ವಿಷಯವನ್ನು ಅದೇ ವರ್ಷದ ಅಕ್ಟೋಬರ್ 27ರಂದು ಪ್ರಧಾನಿಯವರು ಮನ್ ಕೀ ಬಾತ್‌ನಲ್ಲಿ ಎತ್ತಿ ಹೇಳಿದ್ದರು. ಹೇಳಿ ತಿಂಗಳು ಕಳೆಯುವುದರೊಳಗೆ ಹೆಬ್ಬಾಳದಲ್ಲಿ ಹೀಗಾಯಿತು. ಸುಶಿಕ್ಷಿತರು ಮೋಸಹೋದರೆಂದು ಅಚ್ಚರಿಪಡುವವರು ಭಯವೆಂಬುದು ಓದಿನ ಅಂಕಪಟ್ಟಿಯನ್ನು ನೋಡಿ ಬರುವುದಿಲ್ಲ ಎಂಬುದನ್ನು ಮರೆಯುತ್ತಾರೆ.

ವಿಜ್ಞಾನದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹದಿನೆಂಟು ದಿನಗಳಲ್ಲಿ ಹೊರಟ ಒಂದೊಂದು ಕಂತಿಗೂ ಮೊದಲನೆಯ ಪ್ರಶ್ನೆಯ ಉತ್ತರ ಹೌದು ಎಂದೇ ಇತ್ತು, ಏಕೆಂದರೆ ಕಳುಹಿಸಿದವರು ಖಾತೆಯ ಒಡೆಯರೇ. ಎಷ್ಟು ಒಟಿಪಿಗಳನ್ನು ಸೇರಿಸಿದ್ದರೂ ಅಷ್ಟನ್ನೂ ಅವರೇ ಒತ್ತಿರುತ್ತಿದ್ದರು. ಇಂಥ ವಂಚನೆಯಲ್ಲಿ ಅನುಮಾನಕ್ಕೆ ಎಡೆಯಿರುವುದು ಎರಡನೆಯ ಪ್ರಶ್ನೆಯಲ್ಲಿ ಮಾತ್ರ: ದೀರ್ಘಕಾಲದ ಉಳಿತಾಯ ಕೆಲವೇ ದಿನಗಳಲ್ಲಿ, ಹಿಂದೆ ಹೆಸರೂ ಕಾಣದ ಖಾತೆಗಳಿಗೆ, ಲಕ್ಷ, ಕೋಟಿಗಳ ಲೆಕ್ಕದಲ್ಲಿ ಹರಿದುಹೋಗುವುದು ಯಾರ ರೂಢಿಯೂ ಅಲ್ಲ.

ರೂಢಿಯಿಂದ ಇರುವ ದೂರವನ್ನು ಅಳೆಯುವ ಗಣಿತಕ್ಕೆ ಒಂದು ಶತಮಾನದಷ್ಟು ಇತಿಹಾಸವಿದ್ದು, ಅದರ ಒಂದು ಬೇರು ಕೋಲ್ಕತ್ತದಲ್ಲಿದೆ. ಜನಸಮುದಾಯಗಳ ದೇಹದ ಅಳತೆಗಳನ್ನು ಹೋಲಿಸುತ್ತಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್ 1936ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹಲವು ಅಳತೆಗಳು ಒಂದಕ್ಕೊಂದು ಹೆಣೆದುಕೊಂಡಿರುವಾಗ ಒಂದು ಬಿಂದು ಗುಂಪಿನ ನಡುವಿನಿಂದ ಎಷ್ಟು ದೂರದಲ್ಲಿದೆ ಎಂದು ಹೇಳುವ ವಿಧಾನವನ್ನು ಕೊಟ್ಟರು. ಇಂದಿಗೂ ಅದು ಮಹಾಲನೋಬಿಸ್ ದೂರವೆಂದೇ ಜಗತ್ತಿನಾದ್ಯಂತ ಹೆಸರಾಗಿದೆ. ಅದೇ ವರ್ಷ ಇಂಗ್ಲೆಂಡಿನ ರೊನಾಲ್ಡ್ ಫಿಶರ್ ಐರಿಸ್ ಹೂವುಗಳ ಎಸಳುಗಳ ಉದ್ದಗಲಗಳಿಂದ ಅವುಗಳ ಜಾತಿಯನ್ನು ಬೇರ್ಪಡಿಸುವ ಸೂತ್ರವನ್ನು ಪ್ರಕಟಿಸಿದರು. ಹೂವುಗಳಿಗೆ ಹೊಂದಿದ ಈ ಸೂತ್ರ ಸಾಲಗಾರರಿಗೂ ಹೊಂದುತ್ತದೆಯೇ ಎಂದು ಡೇವಿಡ್ ಡ್ಯುರಾಂಡ್ 1941ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದರು. 1956ರಲ್ಲಿ ಬಿಲ್ ಫೇರ್ ಮತ್ತು ಅರ್ಲ್ ಐಸಾಕ್ ಎಂಬಿಬ್ಬರು ಸಾಲಗಾರರಿಗೆ ಅಂಕ ಹಾಕಿಕೊಡುವುದನ್ನೇ ವ್ಯವಹಾರ ಮಾಡಿಕೊಂಡು ಕಂಪನಿ ತೆರೆದರು. ವ್ಯಕ್ತಿಗೆ ಬದಲಾಗಿ ಒಂದೊಂದು ವಹಿವಾಟಿಗೂ ಅದು ನಡೆಯುತ್ತಿರುವಾಗಲೇ ಅಂಕ ಕೊಡುವುದು ಬಹಳ ತಡವಾಗಿ ಸಾಧ್ಯವಾಯಿತು. 1992ರಲ್ಲಿ ಎಚ್‌ಎನ್‌ಸಿ ಎಂಬ ಅಮೆರಿಕದ ಕಂಪನಿ ಹೊರತಂದ ಫಾಲ್ಕನ್ ಎಂಬ ತಂತ್ರಾಂಶ, ನರಜಾಲದ ಮಾದರಿಯ ಗಣನೆಯನ್ನು ಬಳಸಿ ಕ್ರೆಡಿಟ್ ಕಾರ್ಡ್ ವಂಚನೆಗಳನ್ನು ಹಿಡಿಯತೊಡಗಿತು, ಇಂದಿನ ವ್ಯವಸ್ಥೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದರ ವಂಶದವೇ.

ಮಹಾಲನೋಬಿಸ್ ದೂರದ ಹುರುಳನ್ನು ಸೂತ್ರವಿಲ್ಲದೆಯೂ ತಿಳಿಯಬಹುದು. ಯಲಹಂಕದಲ್ಲಿ ಪಿಂಚಣಿಯ ಮೇಲೆ ಬದುಕುವ ಹಿರಿಯರೊಬ್ಬರನ್ನು ಊಹಿಸಿಕೊಳ್ಳುವುದಾದರೆ, ಅವರು ವರ್ಷಕ್ಕೆರಡು ಬಾರಿ ₹50,000ದಷ್ಟು ದೊಡ್ಡ ಮೊತ್ತವನ್ನು ಹಗಲು ಹೊತ್ತಿನಲ್ಲಿ ಮಗಳ ಖಾತೆಗೆ ಕಳುಹಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಅಪರೂಪಕ್ಕೊಮ್ಮೆ ಔಷಧದ ಅಂಗಡಿಗೋ ಆಟೊ ಚಾಲಕರಿಗೋ ಇನ್ನೂರು ಮುನ್ನೂರು ರೂಪಾಯಿ ಪಾವತಿಸುತ್ತಾರೆ. ಹೊಸ ಹೊಸ ಖಾತೆಗಳಿಗೆ ಚಿಲ್ಲರೆ ಹಣ ಹೋಗುವುದಂತೂ ದಿನನಿತ್ಯದ ಸಂಗತಿ. ಮೊತ್ತವನ್ನಷ್ಟೇ ನೋಡಿದರೆ ₹50,000 ಅಸಹಜವಲ್ಲ, ಹೊತ್ತನ್ನಷ್ಟೇ ನೋಡಿದರೆ ರಾತ್ರಿ ಹನ್ನೊಂದು ಅಸಹಜವಲ್ಲ, ಹೊಸ ಖಾತೆಯೂ ಅಸಹಜವಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಹೊಸ ಖಾತೆಯೊಂದಕ್ಕೆ ₹50,000 ಹೋಗುವುದು ಅವರ ಬದುಕಿನಲ್ಲಿ ಒಮ್ಮೆಯೂ ನಡೆದಿಲ್ಲ. ಬಿಡಿಬಿಡಿಯಾಗಿ ಪರಿಚಿತವಾದವು ಕೂಡಿದಾಗ ಅಪರಿಚಿತವಾಗುವುದನ್ನು ಗುರುತಿಸುವುದೇ ಈ ಗಣಿತದ ಶಕ್ತಿ.

ಅಲ್ಲಿಂದ ಕೆಲವೇ ಮೈಲಿ ದೂರದ ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ಇದೇ ಅಳತೆಗೋಲು ಪೂರ್ತಿ ಬೇರೆ ಉತ್ತರ ಕೊಡಬೇಕಾಗುತ್ತದೆ. ಚಿತ್ರದುರ್ಗ, ಗದಗಗಳಿಂದಲೂ ಮಹಾರಾಷ್ಟ್ರದಿಂದಲೂ ಈರುಳ್ಳಿ ಹೊತ್ತ ಲಾರಿಗಳು ಬಂದಿಳಿಯುವ ಮಂಡಿಯಲ್ಲಿ ನಸುಕಿನ ವ್ಯವಹಾರ, ಒಂದೇ ಬಾರಿಗೆ ಲಕ್ಷಗಳ ಮೊತ್ತ, ಹಿಂದೆ ಕಾಣದ ರೈತನ ಅಥವಾ ಲಾರಿ ಮಾಲೀಕನ ಖಾತೆ ಇವೆಲ್ಲ ಹಂಗಾಮಿನ ಪ್ರತಿದಿನದ ಸಂಗತಿಗಳು. ಹಂಗಾಮು ಮುಗಿದ ಮೇಲೆ ಅದೇ ಖಾತೆ ವಾರಗಟ್ಟಲೆ ಮಲಗಿದಂತಿರುವುದೂ ಸಹಜ. ಯಲಹಂಕದ ಪಿಂಚಣಿದಾರರಿಗೆ ಎಚ್ಚರಿಕೆಯ ಗಂಟೆಯಾಗಬೇಕಾದ ಲಕ್ಷಣಗಳೇ ಮಂಡಿಯ ವರ್ತಕರಿಗೆ ದುಡಿಮೆಯ ಲಕ್ಷಣಗಳು. ಇಷ್ಟು ಮೊತ್ತ ಮೀರಿದರೆ ತಡೆ, ಇಷ್ಟು ಗಂಟೆಯ ನಂತರವಾದರೆ ತಡೆ ಎಂದು ಎಲ್ಲರಿಗೂ ಒಂದೇ ಗೆರೆ ಎಳೆಯುವ ಹಳೆಯ ನಿಯಮಾವಳಿಗಳು ಸೋಲುವುದು ಇಲ್ಲಿಯೇ. ಆದುದರಿಂದ ಒಳ್ಳೆಯ ಅಂಕವ್ಯವಸ್ಥೆ ಪ್ರತಿಯೊಬ್ಬ ಗ್ರಾಹಕರನ್ನೂ ಮೊದಲು ಅವರ ಹಿಂದಿನ ನಡೆಯೊಂದಿಗೆ, ಅನಂತರ ಅವರಂಥ ಕಸುಬಿನವರ ನಡೆಯೊಂದಿಗೆ ಹೋಲಿಸುತ್ತದೆ, ಊರಿನವರೆಲ್ಲರ ಸರಾಸರಿಯೊಂದಿಗೆ ಹೋಲಿಸಿ ಸುಮ್ಮನಾಗುವುದಿಲ್ಲ.

ಮೊತ್ತ, ಹೊತ್ತು, ಖಾತೆಗಳ ಜೊತೆಗೆ ಇನ್ನೂ ಅನೇಕ ಲಕ್ಷಣಗಳು ತಕ್ಕಡಿಗೆ ಬೀಳುತ್ತವೆ. ಫೋನು ಹೊಸದೇ, ಸಿಮ್ ಕಾರ್ಡ್ ಇತ್ತೀಚೆಗೆ ಬದಲಾಗಿದೆಯೇ, ಬೇರೊಬ್ಬರು ದೂರದಿಂದ ಪರದೆಯನ್ನು ನೋಡಲು ಬಿಡುವ ಆ್ಯಪ್ ಚಾಲ್ತಿಯಲ್ಲಿದೆಯೇ, ಕರೆ ನಡೆಯುತ್ತಿರುವಾಗಲೇ ಹಣ ಹೊರಡುತ್ತಿದೆಯೇ, ನಿಶ್ಚಿತ ಠೇವಣಿಯನ್ನು ಅವಧಿಗೆ ಮುನ್ನ ಮುರಿದ ಹಣವೇ ಮುಂತಾದವು ಅವುಗಳಲ್ಲಿ ಸೇರಿವೆ. ಇವುಗಳನ್ನು ಕೂಡಿಸುವ ಬಗೆ ಹಲವು. ಪ್ರತಿ ಲಕ್ಷಣಕ್ಕೂ ಇಷ್ಟಿಷ್ಟು ಎಂದು ತೂಕ ಕೊಟ್ಟು ಮೊತ್ತ ಮಾಡುವುದು ಹಳೆಯದು, ಈಗಲೂ ಬಳಕೆಯಲ್ಲಿರುವುದು. ಇನ್ನೊಂದರಲ್ಲಿ ಗಣಕವು ಹೌದು ಅಲ್ಲ ಎಂಬ ಪ್ರಶ್ನೆಗಳ ಕವಲುಗಳಿರುವ ಚಿಕ್ಕ ಮರವೊಂದನ್ನು ಹಳೆಯ ವಹಿವಾಟುಗಳಿಂದ ಕಟ್ಟುತ್ತದೆ. ಆ ಮರ ಎಲ್ಲೆಲ್ಲಿ ತಪ್ಪಿತೋ ಅಲ್ಲಿಗೆ ಗಮನ ಕೊಟ್ಟು ಎರಡನೆಯ ಮರ, ಅದರ ತಪ್ಪುಗಳ ಮೇಲೆ ಮೂರನೆಯದು, ಹೀಗೆ ನೂರಾರು ಮರಗಳ ತೋಪನ್ನೇ ಬೆಳೆಸಿ ಅವೆಲ್ಲದರ ಅಭಿಪ್ರಾಯವನ್ನು ಕೂಡಿಸಿ ಅಂಕ ಕೊಡುತ್ತದೆ. ಯಾವ ವಿಧಾನವಾದರೂ ಅದು ಕಲಿಯುವುದು ವಂಚನೆಯೆಂದು ಈಗಾಗಲೇ ಗುರುತಾದ ಹಳೆಯ ಉದಾಹರಣೆಗಳಿಂದ. ದೂರು ಕೊಡದೆ ನಾಚಿಕೆಯಿಂದ ಸುಮ್ಮನಾದವರ ನಷ್ಟ ಗಣಕದ ಪಾಲಿಗೆ ಪ್ರಾಮಾಣಿಕ ವಹಿವಾಟಾಗಿಯೇ ಉಳಿಯುತ್ತದೆ. ಒಬ್ಬರು ಕೊಡುವ ದೂರು ಮುಂದಿನ ನೂರು ಜನರ ರಕ್ಷಣೆಗೆ ಪಾಠವಾಗುವುದು ಈ ಕಾರಣದಿಂದ.

ಅಪರೂಪದ ರೋಗ, ಅತಿಯಾದ ಗಂಟೆ

ಅಪಾಯದ ಅಂಕದ ಬಹುದೊಡ್ಡ ಕಷ್ಟ ವಂಚನೆ ಅಪರೂಪವಾಗಿರುವುದರಲ್ಲಿದೆ. ಸಂಶೋಧಕರು ತಮ್ಮ ವಿಧಾನಗಳನ್ನು ಒರೆಗೆ ಹಚ್ಚಲು ಬಳಸುವ ಒಂದು ಪ್ರಸಿದ್ಧ ದತ್ತಾಂಶ 2013ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಕಾರ್ಡುದಾರರು ಎರಡು ದಿನಗಳಲ್ಲಿ ಮಾಡಿದ ವಹಿವಾಟುಗಳದು. ಅದರಲ್ಲಿರುವ 2,84,807 ವಹಿವಾಟುಗಳ ಪೈಕಿ ವಂಚನೆಗಳು 492 ಮಾತ್ರ, ಅಂದರೆ ಸಾವಿರಕ್ಕೆ ಎರಡೂ ಇಲ್ಲ. ಇಂಥ ಕಡೆ ಎಲ್ಲವೂ ಪ್ರಾಮಾಣಿಕವೆಂದು ಕಣ್ಣುಮುಚ್ಚಿ ಹೇಳುವ ಯಂತ್ರವೂ ನೂರಕ್ಕೆ 99.8ರಷ್ಟು ಸರಿಯೆನಿಸುತ್ತದೆ, ಒಂದೇ ಒಂದು ಕಳ್ಳನನ್ನೂ ಹಿಡಿಯದೆ. ಆದ್ದರಿಂದ ಜಾಹೀರಾತುಗಳಲ್ಲಿ ಕಾಣುವ ಶೇಕಡಾ ತೊಂಬತ್ತೊಂಬತ್ತು ಸರಿ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು: ನಡೆದ ವಂಚನೆಗಳಲ್ಲಿ ಎಷ್ಟು ಪಾಲನ್ನು ಯಂತ್ರ ಹಿಡಿಯಿತು, ಮತ್ತು ಯಂತ್ರ ಗಂಟೆ ಬಾರಿಸಿದವುಗಳಲ್ಲಿ ಎಷ್ಟು ಪಾಲು ನಿಜವಾಗಿ ವಂಚನೆಗಳು. ಮೊದಲನೆಯದನ್ನು ಹೆಚ್ಚಿಸಲು ಹೊರಟರೆ ಎರಡನೆಯದು ಸಾಮಾನ್ಯವಾಗಿ ಕುಸಿಯುತ್ತದೆ.

ಲೆಕ್ಕವನ್ನು ಭಾರತದ ಪ್ರಮಾಣಕ್ಕೆ ಹಿಗ್ಗಿಸಿದಾಗ ಇದರ ಬಿಸಿ ತಾಕುತ್ತದೆ. 2024-25ರ ಹಣಕಾಸು ವರ್ಷದಲ್ಲಿ ಯುಪಿಐ ಮೂಲಕ ನಡೆದ ವಹಿವಾಟುಗಳು 18,500 ಕೋಟಿಗೂ ಹೆಚ್ಚು, ಅಂದರೆ ದಿನಕ್ಕೆ ಸರಾಸರಿ 50 ಕೋಟಿ. ಸಾವಿರ ಪ್ರಾಮಾಣಿಕ ವಹಿವಾಟುಗಳಲ್ಲಿ ಒಂದನ್ನು ಮಾತ್ರ ತಪ್ಪಾಗಿ ಅನುಮಾನಿಸುವ ಅತ್ಯುತ್ತಮ ಯಂತ್ರವೊಂದು ಇದೆಯೆಂದು ಇಟ್ಟುಕೊಂಡರೂ, ಅದು ಪ್ರತಿದಿನ ಐದು ಲಕ್ಷ ನಿರಪರಾಧಿ ಪಾವತಿಗಳ ಮುಂದೆ ಕೈ ಅಡ್ಡ ಹಿಡಿಯುತ್ತದೆ. ಅವುಗಳಲ್ಲಿ ಆಸ್ಪತ್ರೆಯ ಮುಂಗಡ ಇರಬಹುದು, ಮಗುವಿನ ಶಾಲೆಯ ಶುಲ್ಕದ ಕೊನೆಯ ದಿನವಿರಬಹುದು. ತೋಳ ಬಂತು ತೋಳ ಎಂಬ ಕಥೆಯಂತೆ ಪದೇ ಪದೇ ಸುಳ್ಳು ಎಚ್ಚರಿಕೆ ಕಂಡ ಜನ, ನಿಜವಾದ ಎಚ್ಚರಿಕೆ ಬಂದ ದಿನವೂ ಅದನ್ನು ಒತ್ತಿ ಮುಂದೆ ಸಾಗುವ ಅಭ್ಯಾಸ ಮಾಡಿಕೊಳ್ಳುತ್ತಾರೆ, ಈ ಎರಡನೆಯ ಹಾನಿ ಯಾವ ಲೆಕ್ಕಪತ್ರದಲ್ಲಿಯೂ ದಾಖಲಾಗುವುದಿಲ್ಲ.

ತಪ್ಪು ಅನುಮಾನದ ಹೊರೆ ಎಲ್ಲರ ಮೇಲೆ ಸಮನಾಗಿ ಬೀಳುವುದೂ ಇಲ್ಲ. ಹೆಬ್ಬಾಳ, ನಾಗವಾರಗಳ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ದುಡಿಯಲು ಬಿಹಾರ, ಒಡಿಶಾ, ರಾಯಚೂರು, ಕಲಬುರಗಿಗಳಿಂದ ಬರುವ ಕಾರ್ಮಿಕರ ಫೋನು ಬಹಳ ಸಲ ಎರಡನೆಯ ಕೈಯದು, ಸಿಮ್ ಹೊಸದು, ಊರು ಹೊಸದು. ಒಂದೇ ಫೋನಿನಿಂದ ಶೆಡ್ಡಿನ ಮೂವರು ನಾಲ್ವರು ಸರದಿಯಂತೆ ಊರಿಗೆ ಹಣ ಹಾಕುವುದೂ ಉಂಟು. ಆರ್.ಟಿ. ನಗರದಂಥ ಬಡಾವಣೆಗಳ ಪಿ.ಜಿ.ಗಳಲ್ಲಿ ಹತ್ತಾರು ವಿದ್ಯಾರ್ಥಿಗಳು ಒಂದೇ ವೈಫೈ ಹಂಚಿಕೊಳ್ಳುತ್ತಾರೆ. ಹೊಸ ಸಾಧನ, ಹೊಸ ಸ್ಥಳ, ಹಲವು ಖಾತೆಗಳಿಗೆ ಒಂದೇ ಫೋನು ಎಂಬಿವೆಲ್ಲ ವಂಚಕರ ಲಕ್ಷಣಗಳೂ ಹೌದು, ಬಡತನದ ಮತ್ತು ವಲಸೆಯ ಲಕ್ಷಣಗಳೂ ಹೌದು. ಹಳೆಯ ಉದಾಹರಣೆಗಳಿಂದ ಕಲಿಯುವ ಯಂತ್ರಕ್ಕೆ ಈ ಎರಡರ ನಡುವಿನ ಭೇದ ತಾನಾಗಿ ಹೊಳೆಯುವುದಿಲ್ಲ. ಅದನ್ನು ಕಟ್ಟುವವರು ಉದ್ದೇಶಪಟ್ಟು ಪರೀಕ್ಷಿಸಬೇಕು, ಯಾವ ಗುಂಪಿನ ಎಷ್ಟು ಪ್ರಾಮಾಣಿಕರು ತಡೆಗೆ ಸಿಕ್ಕಿದರೆಂದು ತಿಂಗಳು ತಿಂಗಳು ಎಣಿಸಬೇಕು.

ಒಂದೇ ಸಂಖ್ಯೆಯನ್ನು ನಂಬಿ ಜನರನ್ನು ಅಳೆಯಹೊರಟಾಗ ಏನಾಗುತ್ತದೆ ಎಂಬುದನ್ನು ಕರ್ನಾಟಕ 2025ರ ಜುಲೈನಲ್ಲಿ ಕಣ್ಣಾರೆ ಕಂಡಿತು. ಅದು ವಂಚನೆಯ ವಿಷಯವಾಗಿರಲಿಲ್ಲ, ತೆರಿಗೆಯ ವಿಷಯವಾಗಿತ್ತು, ಆದರೆ ತರ್ಕದ ಹೆಣಿಗೆ ಇದೇ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಮುಂದಿನ ವರ್ಷಗಳ ಯುಪಿಐ ಜಮೆಗಳ ಮಾಹಿತಿ ತರಿಸಿಕೊಂಡು, ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆ ನೀಡುವವರಿಗೆ ₹20 ಲಕ್ಷ ಎಂಬ ಜಿಎಸ್‌ಟಿ ನೋಂದಣಿಯ ಮಿತಿಯನ್ನು ಮೀರಿದವರಿಗೆ ಸಾವಿರಾರು ನೋಟಿಸುಗಳನ್ನು ಕಳುಹಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ₹29 ಲಕ್ಷದ ತೆರಿಗೆಯ ನೋಟಿಸು ಬಂತು; ಮಾರುವ ತಾಜಾ ತರಕಾರಿಗೆ ತೆರಿಗೆಯೇ ಇಲ್ಲವೆಂಬುದು ಜಮೆಯ ಮೊತ್ತದಲ್ಲಿ ಬರೆದಿರಲಿಲ್ಲ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳವರು ಕ್ಯೂಆರ್ ಕೋಡಿನ ಹಾಳೆ ಕಿತ್ತು, ನಗದು ಮಾತ್ರ ಎಂದು ಬರೆದು ಅಂಟಿಸಿದರು. ಹಾಲು, ತರಕಾರಿ, ಹಣ್ಣು, ಮಾಂಸದಂಥ ವಿನಾಯಿತಿಯ ಸರಕು ಮಾರುವವರ ನೋಟಿಸುಗಳನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅದೇ ತಿಂಗಳು ಪ್ರಕಟಿಸಬೇಕಾಯಿತು. ತೆರಿಗೆ ತಪ್ಪಿಸುವವರನ್ನು ಹುಡುಕುವುದು ಇಲಾಖೆಯ ಕರ್ತವ್ಯವೇ. ಆದರೆ ಜಮೆಯಾದ ಹಣ ಏನೆಂದು ವಿಚಾರಿಸುವ ಮೊದಲೇ ಅಂಕಿಯನ್ನು ಆರೋಪವಾಗಿಸಿದ್ದರಿಂದ, ವರ್ಷಗಳ ಶ್ರಮದಿಂದ ಡಿಜಿಟಲ್ ಪಾವತಿಯ ಮೇಲೆ ಬೆಳೆದಿದ್ದ ವಿಶ್ವಾಸ ಒಂದೇ ವಾರದಲ್ಲಿ ಅಲುಗಾಡಿತು. ಅಪಾಯದ ಅಂಕವನ್ನು ತೀರ್ಪಿನಂತೆ ಬಳಸುವ ಎಲ್ಲರಿಗೂ ಈ ಘಟನೆ ಅನ್ವಯಿಸುತ್ತದೆ.

ಹಣ ಇಳಿಯುವ ದಡ

ಕಳುಹಿಸುವವರ ರೂಢಿಯನ್ನು ಅಳೆಯುವುದರಲ್ಲಿ ಇಷ್ಟು ತೊಡಕುಗಳಿರುವಾಗ, ಹಣ ಪಡೆಯುವ ಖಾತೆಯನ್ನು ನೋಡುವುದು ಹೆಚ್ಚು ಫಲ ಕೊಡುತ್ತದೆ. ಮೋಸಹೋಗುವವರು ಲಕ್ಷಾಂತರ ಬಗೆಯವರು. ಅವರ ಹಣ ಬಂದು ಬೀಳುವ ಖಾತೆಗಳು ಮಾತ್ರ ಒಂದನ್ನೊಂದು ಹೋಲುತ್ತವೆ. ವಂಚಕರು ತಮ್ಮ ಹೆಸರಿನ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ, ಕಮಿಷನ್ ಕೊಟ್ಟು ಬೇರೆಯವರ ಖಾತೆ, ಎಟಿಎಂ ಕಾರ್ಡು, ಸಿಮ್‌ಗಳನ್ನು ಬಾಡಿಗೆಗೆ ಪಡೆಯುತ್ತಾರೆ. ಬೇರೊಬ್ಬರ ಹೊರೆಯನ್ನು ಹೊತ್ತು ಸಾಗಿಸುವ ಹೇಸರಗತ್ತೆಯ ಹೆಸರಿನಿಂದ ಇವಕ್ಕೆ ಮ್ಯೂಲ್ ಖಾತೆ ಎನ್ನುತ್ತಾರೆ. ಹೆಬ್ಬಾಳದ ಪ್ರಕರಣದಲ್ಲಿಯೂ ಹಣ ಕೆಲವು ಖಾತೆಗಳಿಗೆ ಇಳಿದು, ಅಲ್ಲಿಂದ ಇನ್ನೂ ಹಲವಾರು ಖಾತೆಗಳಿಗೆ ಕವಲೊಡೆದಿತ್ತು. ಅದರ ಜಾಡು ಹಿಡಿದ ಬೆಂಗಳೂರಿನ ಪೊಲೀಸರು ಗುಜರಾತಿನ ಸೂರತ್‌ವರೆಗೆ ಹೋಗಬೇಕಾಯಿತು.

ಮ್ಯೂಲ್ ಖಾತೆಯ ನಡೆಯಲ್ಲಿ ಗುರುತುಗಳು ಸ್ಪಷ್ಟವಾಗಿವೆ. ತಿಂಗಳುಗಟ್ಟಲೆ ಅಲುಗಾಡದೆ ಬಿದ್ದಿದ್ದ ಖಾತೆ ಒಂದು ದಿನ ಎಚ್ಚರಗೊಳ್ಳುತ್ತದೆ. ಅದಕ್ಕೂ ಸ್ವಲ್ಪ ಮುಂಚೆ ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಬದಲಾಗಿರುತ್ತದೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಹತ್ತು ರಾಜ್ಯಗಳ ಜನರಿಂದ ಹಣ ಬರುತ್ತದೆ. ಬಂದ ಹಣ ನಿಮಿಷಗಳಲ್ಲಿ ಹೊರಡುತ್ತದೆ. ದಿನದ ಕೊನೆಗೆ ಉಳಿಯುವುದು ಬಹುತೇಕ ಸೊನ್ನೆ. ಮಂಡಿಯ ವರ್ತಕರ ಖಾತೆಯಲ್ಲಿಯೂ ದೊಡ್ಡ ಮೊತ್ತಗಳು ಬಂದುಹೋಗುತ್ತವಾದರೂ ಅವರಿಗೆ ಹಳೆಯ ಗಿರಾಕಿಗಳಿರುತ್ತಾರೆ, ಬಾಡಿಗೆ, ಹಮಾಲಿ, ವಿದ್ಯುತ್ ಬಿಲ್ಲುಗಳಿರುತ್ತವೆ, ಮನೆಯ ಖರ್ಚಿನ ಗುರುತಿರುತ್ತದೆ. ಮ್ಯೂಲ್ ಖಾತೆಗೆ ಸಂಸಾರವಿಲ್ಲ. ಈ ಸಂಬಂಧಗಳನ್ನು ಹಿಡಿಯಲು ಗಣಕವಿಜ್ಞಾನಿಗಳು ಪ್ರತಿ ಖಾತೆಯನ್ನು ಒಂದು ಚುಕ್ಕೆಯಾಗಿಯೂ ಪ್ರತಿ ವರ್ಗಾವಣೆಯನ್ನು ಒಂದು ಗೆರೆಯಾಗಿಯೂ ಮಾಡಿ ಜಾಲದ ನಕ್ಷೆ ಬಿಡಿಸುತ್ತಾರೆ. ಬಿಡಿ ಖಾತೆಯಾಗಿ ನೋಡಿದಾಗ ಸಾಧಾರಣವೆನಿಸಿದ್ದು ನಕ್ಷೆಯಲ್ಲಿ ನೋಡಿದಾಗ ಒಂದೇ ಕೈ ಆಡಿಸುತ್ತಿರುವ ಹಲವು ಖಾತೆಗಳ ಗೊಂಚಲಿನ ಭಾಗವೆಂದು ತಿಳಿಯುತ್ತದೆ.

ಈ ದಿಕ್ಕಿನಲ್ಲಿ ನಡೆದಿರುವ ಮುಖ್ಯ ಕೆಲಸವೊಂದಕ್ಕೆ ಬೆಂಗಳೂರೇ ನೆಲೆ. 2022ರ ಮಾರ್ಚ್‌ನಲ್ಲಿ ಇಲ್ಲಿ ಉದ್ಘಾಟನೆಗೊಂಡ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್, ಮ್ಯೂಲ್ ಖಾತೆಗಳ ನಡೆಯಲ್ಲಿ ಹತ್ತೊಂಬತ್ತು ಬಗೆಯ ವಿನ್ಯಾಸಗಳನ್ನು ಬ್ಯಾಂಕುಗಳೊಂದಿಗೆ ಕೂತು ಗುರುತಿಸಿ, ಅವುಗಳ ಆಧಾರದ ಮೇಲೆ ಮ್ಯೂಲ್‌ಹಂಟರ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ಎರಡು ದೊಡ್ಡ ಸರ್ಕಾರಿ ಬ್ಯಾಂಕುಗಳಲ್ಲಿ ನಡೆದ ಪ್ರಯೋಗ ಆಶಾದಾಯಕವಾಗಿದೆಯೆಂದು ಆಗಿನ ಗವರ್ನರ್ ಶಕ್ತಿಕಾಂತ ದಾಸ್ 2024ರ ಡಿಸೆಂಬರ್ 6ರಂದು ತಿಳಿಸಿದರು. 2025ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಇದಕ್ಕೆ ಇನ್ನೊಂದು ಕೊಂಡಿ ಸೇರಿಸಿತು. ಹಣಕಾಸು ವಂಚನೆ ಅಪಾಯ ಸೂಚಕವೆಂದು ಕರೆಯಬಹುದಾದ ಈ ವ್ಯವಸ್ಥೆ, ಖಾತೆಗಳ ಬದಲು ಮೊಬೈಲ್ ಸಂಖ್ಯೆಗಳನ್ನೇ ಮಧ್ಯಮ, ಹೆಚ್ಚು, ಅತಿ ಹೆಚ್ಚು ಎಂಬ ಮೂರು ಅಪಾಯದ ದರ್ಜೆಗಳಿಗೆ ಹಚ್ಚಿ ಬ್ಯಾಂಕುಗಳಿಗೂ ಯುಪಿಐ ಸಂಸ್ಥೆಗಳಿಗೂ ತಿಳಿಸುತ್ತದೆ. ಅತಿ ಹೆಚ್ಚು ಅಪಾಯದ ಸಂಖ್ಯೆಗಳಿಗೆ ಹೊರಟ ಪಾವತಿಯನ್ನು ಬೆಂಗಳೂರಿನ ಫೋನ್‌ಪೇ ನಿಲ್ಲಿಸತೊಡಗಿತು. ಜೂನ್ 30ರಂದು ರಿಸರ್ವ್ ಬ್ಯಾಂಕ್ ಇದನ್ನು ತಮ್ಮ ವ್ಯವಸ್ಥೆಗಳಿಗೆ ಜೋಡಿಸಿಕೊಳ್ಳುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಒಂದು ಬ್ಯಾಂಕಿಗೆ ಗೊತ್ತಾದದ್ದು ಇನ್ನೊಂದು ಬ್ಯಾಂಕಿಗೆ ಗೊತ್ತಾಗದಿರುವ ಸಂದಿನಲ್ಲಿಯೇ ವಂಚಕರು ಇಷ್ಟು ಕಾಲ ಬದುಕಿದ್ದರು, ಆ ಸಂದು ಈಗ ಕಿರಿದಾಗುತ್ತಿದೆ.

ಅಂಕ ಎಷ್ಟೇ ಬರಲಿ, ಅದರ ನಂತರ ಏನು ಮಾಡಬೇಕೆಂಬುದು ಬೇರೆಯೇ ತೀರ್ಮಾನ, ಇಲ್ಲಿ ಬಿಡುವುದು ಮತ್ತು ತಡೆಯುವುದು ಎರಡೇ ದಾರಿಗಳಲ್ಲ. ನಡುವೆ ಸಾವಕಾಶವೆಂಬ ದಾರಿಯಿದೆ. ಯುಪಿಐಗೆ ಹೊಸದಾಗಿ ಸೇರಿದವರು ಮೊದಲ 24 ಗಂಟೆಗಳಲ್ಲಿ ₹5,000ಕ್ಕಿಂತ ಹೆಚ್ಚು ಕಳುಹಿಸದಂತೆ ಇರುವ ಮಿತಿ ಇದರ ಸರಳ ರೂಪ. ಡಿಜಿಟಲ್ ಅರೆಸ್ಟ್‌ನ ಶಕ್ತಿಯೆಲ್ಲ ಅವಸರದಲ್ಲಿ ಮತ್ತು ಏಕಾಂತದಲ್ಲಿದೆ: ಕರೆ ಕಡಿಯಬಾರದು, ಮನೆಯವರಿಗೆ ಹೇಳಬಾರದು, ಈಗಲೇ ಹಾಕಬೇಕು. ಹೆಚ್ಚು ಅಂಕ ಬಂದ ದೊಡ್ಡ ವರ್ಗಾವಣೆಯನ್ನು ಕೆಲವು ಗಂಟೆ ಹಿಡಿದಿಟ್ಟು, ಶಾಖೆಯ ಸಿಬ್ಬಂದಿಯೊಬ್ಬರು ಕನ್ನಡದಲ್ಲಿಯೇ ಫೋನು ಮಾಡಿ ಯಾರಿಗೆ, ಏತಕ್ಕೆ ಎಂದು ವಿಚಾರಿಸಿದರೆ ಆ ಮಂಪರು ಹರಿಯುವ ಸಂಭವ ಹೆಚ್ಚು. ವಹಿವಾಟು ಪ್ರಾಮಾಣಿಕವಾಗಿದ್ದರೆ ಆಗುವ ನಷ್ಟ ಕೆಲವು ಗಂಟೆಗಳದ್ದು ಮಾತ್ರ. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ, 2026ರ ಏಪ್ರಿಲ್ 1ರಿಂದ ಅನ್ವಯಿಸುವ ದೃಢೀಕರಣದ ನಿರ್ದೇಶನಗಳು ಎರಡು ಹಂತದ ದೃಢೀಕರಣದ ಮೇಲೆ, ವಹಿವಾಟಿನ ಸ್ಥಳ, ಸಾಧನ, ಗ್ರಾಹಕರ ನಡೆ ಮತ್ತು ಹಿಂದಿನ ಇತಿಹಾಸಗಳನ್ನು ನೋಡಿ ಅಪಾಯಕ್ಕೆ ತಕ್ಕ ಹೆಚ್ಚಿನ ಪರಿಶೀಲನೆ ನಡೆಸಲು ಬ್ಯಾಂಕುಗಳಿಗೆ ದಾರಿ ತೆರೆದಿವೆ. ಎರಡನೆಯ ಪ್ರಶ್ನೆಗೆ ಇಲ್ಲಿ ನಿಯಮದಲ್ಲಿಯೇ ಸ್ಥಾನ ಸಿಕ್ಕಿದೆ.

ಆದರೂ ಯಾವ ಬ್ಯಾಂಕು ತನ್ನ ಅಂಕವ್ಯವಸ್ಥೆಯನ್ನು ಎಷ್ಟು ಶ್ರದ್ಧೆಯಿಂದ ನಡೆಸುತ್ತದೆ ಎಂಬುದು ತಪ್ಪಿದಾಗ ನಷ್ಟ ಯಾರದು ಎಂಬುದನ್ನು ಅವಲಂಬಿಸಿರುತ್ತದೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ, ಗ್ರಾಹಕರ ಒಪ್ಪಿಗೆಯಿಲ್ಲದೆ ಹೊರಗಿನವರು ನಡೆಸಿದ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದಾಗ ನಷ್ಟದ ಹೊಣೆ ಗ್ರಾಹಕರ ಮೇಲಿಲ್ಲವೆಂದು ಹೇಳಿತು. ಹೆದರಿಸಿ, ನಂಬಿಸಿ ಗ್ರಾಹಕರ ಕೈಯಿಂದಲೇ ಕಳುಹಿಸಿಕೊಂಡ ಹಣಕ್ಕೆ ಆ ಸುತ್ತೋಲೆಯ ಆಸರೆ ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ಕಾಗದದ ಮೇಲೆ ಅದು ಒಪ್ಪಿಗೆಯ ವಹಿವಾಟು. ಬ್ರಿಟನ್ನಿನ ಪಾವತಿ ನಿಯಂತ್ರಣ ಸಂಸ್ಥೆ ಇಂಥ ಹಣಕ್ಕೆ 2024ರ ಅಕ್ಟೋಬರ್ 7ರಿಂದ ಬೇರೆ ನಿಯಮ ಮಾಡಿತು: ಮೋಸಹೋದವರಿಗೆ 85,000 ಪೌಂಡ್‌ವರೆಗೆ ಹಣ ಮರಳಬೇಕು, ಅದರ ಅರ್ಧವನ್ನು ಕಳುಹಿಸಿದ ಬ್ಯಾಂಕೂ ಇನ್ನರ್ಧವನ್ನು ವಂಚಕರ ಖಾತೆಯನ್ನು ಇಟ್ಟುಕೊಂಡಿದ್ದ ಬ್ಯಾಂಕೂ ಭರಿಸಬೇಕು. ಹೇಸರಗತ್ತೆಗೆ ಲಾಯ ಕೊಟ್ಟವರೂ ಹೊಣೆಗಾರರು ಎಂಬ ಈ ತತ್ವ ಯಾವ ಹೊಸ ಗಣಿತಕ್ಕಿಂತಲೂ ಹೆಚ್ಚು ಬೇಗ ಅಂಕವ್ಯವಸ್ಥೆಗಳನ್ನು ಚುರುಕುಗೊಳಿಸುತ್ತದೆ, ಏಕೆಂದರೆ ಖಾತೆ ತೆರೆಯುವಾಗಲೇ ಕಣ್ಣು ತೆರೆದಿರಬೇಕಾದ ಅಗತ್ಯವನ್ನು ಅದು ಹಣದ ಭಾಷೆಯಲ್ಲಿ ಹೇಳುತ್ತದೆ. ಭಾರತದಲ್ಲಿಯೂ ಹಣ ಪಡೆದ ಬ್ಯಾಂಕಿನ ಮೇಲೆ ಇಂಥ ಪಾಲು ಹೊರಿಸುವ ನಿಯಮ ಬರಬೇಕು, ಜೊತೆಗೆ ತಡೆಗೆ ಸಿಕ್ಕಿದ ಪ್ರಾಮಾಣಿಕರಿಗೆ ಕಾರಣವನ್ನು ಅವರ ಭಾಷೆಯಲ್ಲಿ ತಿಳಿಸಿ ನಿಗದಿತ ಗಂಟೆಗಳೊಳಗೆ ಬಿಡುಗಡೆ ಕೊಡುವುದೂ ಕಡ್ಡಾಯವಾಗಬೇಕು. ಅಲ್ಲಿಯವರೆಗೆ, ಹಣ ಹೋಯಿತೆಂದು ಅರಿವಾದ ಗಳಿಗೆಯಲ್ಲಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಪೊಲೀಸರು ಗೋಲ್ಡನ್ ಅವರ್ ಎನ್ನುವ ಆ ಮೊದಲ ಗಂಟೆಯಲ್ಲಿ ಹಣ ಬಹುಮಟ್ಟಿಗೆ ಮೊದಲ ಕೆಲವು ಖಾತೆಗಳಲ್ಲಿಯೇ ಇರುತ್ತದೆ, ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸಲು ಸಾಧ್ಯವಿರುತ್ತದೆ.